ಗೆರೆ ಬೀಳದ ಸಾಲು

ನಮ್ಮ ಮನೆಯಲ್ಲಿ ಇಬ್ಬರು ಮೇಷ್ಟ್ರು. ಒಬ್ಬರು ನಮ್ಮಪ್ಪ. ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತರಾದವರು, ಕೆಂಪು ಪೆನ್ನು ಹಿಡಿದು ಊರಿನ ಅರ್ಧ ಜನರ ಅರ್ಜಿ, ಭಾಷಣ, ಪ್ರಬಂಧಗಳನ್ನು ತಿದ್ದಿಕೊಟ್ಟವರು. ಹಿಂದೆ ಮುಂದೆ ಎಲ್ಲರೂ ಅವರನ್ನು ಕೆಂಪು ಮೇಷ್ಟ್ರು ಅಂತಲೇ ಕರೆಯುವುದು. ಇನ್ನೊಬ್ಬರು ನನ್ನ ಹೆಂಡತಿಯ ಲ್ಯಾಪ್‌ಟಾಪಿನಲ್ಲಿ, ಬ್ರೌಸರಿನ ಬಲಮೂಲೆಯಲ್ಲಿ ಕೂತು ಭಾಷೆ ತಿದ್ದುವ ಟೂಲು. ಅದಕ್ಕೆ ಅವಳಿಟ್ಟ ಹೆಸರು ಚಿಕ್ಕ ಮೇಷ್ಟ್ರು. ದೊಡ್ಡ ಮೇಷ್ಟ್ರಿಗೆ ಚಿಕ್ಕ ಮೇಷ್ಟ್ರ ಸುದ್ದಿ ಗೊತ್ತಾಗಬಾರದು ಅಂತ ಅವಳು ನನಗೆ ತಾಕೀತು ಮಾಡಿದ್ದಳು. ಅದಾಗಿ ಸ್ವಲ್ಪ ದಿನಕ್ಕೆ ದೊಡ್ಡ ಮೇಷ್ಟ್ರೂ ಇನ್ನೊಂದು ವಿಷಯ ಹೇಳಿ, ಅವಳಿಗೆ ಗೊತ್ತಾಗಬಾರದು ಅಂತ ತಾಕೀತು ಮಾಡಿದರು. ಹೀಗೆ ನಾನು ಅಡಕತ್ತರಿಯ ನಡುವಿನ ಅಡಕೆಯಾದೆ. ಪಾಪದ ಅಡಕೆ ಅಂತ ಯಾರೂ ಮರುಗಬೇಕಾಗಿಲ್ಲ. ಅಲ್ಲಿ ಹೋಗಿ ಕೂತವನು ನಾನೇ.

ನನ್ನ ಹೆಂಡತಿ ಜವಳಿ ಕಾಲೇಜಿನಲ್ಲಿ ಪಾಠ ಮಾಡುತ್ತಾಳೆ. ಅವಳ ಪಿಎಚ್‌ಡಿ ಆಸ್ಪತ್ರೆಯ ಬೆಡ್‌ಶೀಟುಗಳ ಮೇಲೆ. ಕುದಿಯುವ ನೀರಲ್ಲಿ ಒಗೆದೂ ಒಗೆದೂ ಬಟ್ಟೆಯ ನೂಲು ಎಷ್ಟು ಸೋಲುತ್ತದೆ, ಯಾವಾಗ ಹರಿಯುತ್ತದೆ ಅನ್ನುವುದನ್ನು ಪಟ್ಟಿ ಪಟ್ಟಿಯಾಗಿ ಕತ್ತರಿಸಿ, ಯಂತ್ರಕ್ಕೆ ಕಚ್ಚಿಸಿ, ಎಳೆದು ನೋಡುತ್ತಾಳೆ. ನಾನು ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವವನು. ಹಳೆಯ ಬೆಡ್‌ಶೀಟುಗಳನ್ನು ಹೊತ್ತು ತರುವ ಕೆಲಸ ಸಹಜವಾಗಿ ನನ್ನ ಹೆಗಲಿಗೆ ಬಿತ್ತು. "ಸೊಸೆ ಬೆಡ್‌ಶೀಟ್ ಹರಿಯೋದ್ರಲ್ಲಿ ಡಾಕ್ಟರ್ ಆಗ್ತಾಳೆ. ಮಗ ಅದನ್ನ ಹೊರೋದ್ರಲ್ಲಿ ಆಗ್ಲೇ ಆಗಿದಾನೆ," ಅಂತ ಅಪ್ಪ ಮನೆಗೆ ಬಂದವರಿಗೆಲ್ಲ ಹೇಳಿ ನಗುತ್ತಿದ್ದರು.

ಬಟ್ಟೆಯ ವಿಷಯ ಅವಳಿಗೆ ನೀರು ಕುಡಿದಷ್ಟು ಸಲೀಸು. ಅದನ್ನು ಇಂಗ್ಲಿಷಿನಲ್ಲಿ ಬರೆಯುವುದು ಮಾತ್ರ ಕಬ್ಬಿಣದ ಕಡಲೆ. ಪಿಎಚ್‌ಡಿ ಕೈಗೆ ಬರಬೇಕಾದರೆ ಒಂದು ಲೇಖನ ಜರ್ನಲಿನಲ್ಲಿ ಅಚ್ಚಾಗಲೇಬೇಕು. ಕಳಿಸಿದ ಲೇಖನ, ಪ್ರಯೋಗ ಚೆನ್ನಾಗಿದೆ, ಭಾಷೆ ತಿದ್ದಿಸಿ ಮತ್ತೆ ಕಳಿಸಿ ಅನ್ನುವ ಮಾತಿನೊಂದಿಗೆ ವಾಪಸು ಬಂತು. ಅವಳ ಮುಖ ಸಪ್ಪಗಾಯಿತು. ಅಪ್ಪನ ಮುಖ ಅರಳಿತು.

"ಮನೇಲಿ ಬಾವಿ ಇಟ್ಕೊಂಡು ಬೀದಿ ನಲ್ಲಿಗೆ ಹೋಗ್ತಾರೇನಮ್ಮ? ತಾ ಇಲ್ಲಿ," ಅಂದು ಡ್ರಾಯರಿನಿಂದ ಕೆಂಪು ಪೆನ್ನು ತೆಗೆದರು.

ಆ ಬಾವಿಯ ನೀರು ಕಲಕಿತ್ತು ಅನ್ನುವುದು ಅವಳಿಗೆ ಮೊದಲ ಹಾಳೆಗಳಲ್ಲೇ ಗೊತ್ತಾಯಿತು. ಗೆರೆ ಒಂದು ಸಾಲಿಗೆ, ತಿದ್ದುಪಡಿ ಇನ್ನೊಂದು ಸಾಲಿಗೆ. ಸರಿಯಿದ್ದ ಪದಕ್ಕೆ ಕಾಟು ಬಿದ್ದಿತ್ತು, ತಪ್ಪು ಪದ ಹಾಯಾಗಿ ಕೂತಿತ್ತು. ಅಡುಗೆಮನೆಯಲ್ಲಿ ನನ್ನ ಕಿವಿಯ ಹತ್ತಿರ ಬಂದು, "ರೀ, ಮಾವನಿಗೆ ಅರಳುಮರಳು ಶುರುವಾಯ್ತು ಅಂತ ಕಾಣುತ್ತೆ," ಅಂದಳು. ಬೇಸರದಿಂದಲೇ ಅಂದಳು. ಅವರ ಮನಸ್ಸಿಗೆ ನೋವಾಗಬಾರದು ಅಂತ ಹಾಳೆ ಕೊಡುವುದನ್ನು ನಿಲ್ಲಿಸಲಿಲ್ಲ. ಅವರು ತಿದ್ದಿಕೊಟ್ಟರೆ, "ಫೈಲಿಗೆ ಹಾಕ್ಕೊಂಡೆ ಮಾವ," ಅನ್ನುವುದು, ಹಾಳೆಯನ್ನು ಸೀರೆಗಳ ಅಡಿಗೆ ತುರುಕುವುದು, ಆಮೇಲೆ ಬಾಗಿಲು ಹಾಕಿಕೊಂಡು ಬ್ರೌಸರು ತೆರೆದು ಚಿಕ್ಕ ಮೇಷ್ಟ್ರ ಮುಂದೆ ಕೂರುವುದು. ಆ ಟೂಲನ್ನು ಹಾಕಿಕೊಟ್ಟವನು ನಾನು. ಅದು ತಪ್ಪಿನ ಕೆಳಗೆ ಬಣ್ಣದ ಗೆರೆ ಎಳೆಯುತ್ತದೆ, ಪಕ್ಕದಲ್ಲಿ ಒಂದು ಪೆಟ್ಟಿಗೆಯಲ್ಲಿ ಸರಿಯಾದ ಪದ ತೋರಿಸುತ್ತದೆ, ಒತ್ತಿದರೆ ಮುಗಿಯಿತು. ಗೆರೆಗಳೆಲ್ಲ ಮಾಯವಾದ ಮೇಲೆ ಒಂದು ಹಸಿರು ಗುರುತು ಮೂಡಿ ಭೇಷ್ ಅನ್ನುತ್ತದೆ. ಬರೆದವರ ಧ್ವನಿ ಹೇಗಿದೆ, ಆತ್ಮವಿಶ್ವಾಸವಿದೆಯೋ ಇಲ್ಲವೋ ಅಂತಲೂ ಹೇಳುತ್ತದೆ. ಅವಳ ಧ್ವನಿ ಹೇಗಿದೆ ಅಂತ ಅದಕ್ಕೇನು ಗೊತ್ತು? ಮೂಗಿನ ತುದಿಯಲ್ಲೇ ಕೋಪ ಇಟ್ಟುಕೊಂಡವಳು ಅವಳು.

ಅಪ್ಪನಿಗೆ ಆಗಿದ್ದು ಅರಳುಮರಳಲ್ಲ. ಚಹಾ ಸೋಸುವಾಗ ಲೋಟದ ಕಡೆ ನೋಡದೆ ಗೋಡೆ ನೋಡುತ್ತಾರಲ್ಲ ಅಂತ ಅನುಮಾನ ಬಂದು ನಮ್ಮ ಆಸ್ಪತ್ರೆಯ ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಕಣ್ಣಿನ ನಡುಭಾಗ ಸವೆದಿದೆ, ಅಂಚಿನಲ್ಲಿ ಕಾಣುತ್ತದೆ, ನೇರ ನೋಡಿದ್ದು ಕಾಣುವುದಿಲ್ಲ, ಕನ್ನಡಕದಿಂದ ಉಪಯೋಗವಿಲ್ಲ ಅಂದರು. ನಡೆಯಬಹುದು, ಉಣ್ಣಬಹುದು, ನಡಿಗೆಯಿಂದ ಜನರ ಗುರುತು ಹಿಡಿಯಬಹುದು. ಓದುವುದೊಂದು ಆಗದು. ಎಷ್ಟು ದಿನದಿಂದ ಹೀಗೆ ಅಂತ ಡಾಕ್ಟರು ಕೇಳಿದರೆ ಅಪ್ಪ ನನ್ನ ಕಡೆ ತಿರುಗಿ, "ನೀನು ಸ್ವಲ್ಪ ಆಚೆ ಇರು," ಅಂದರು.

ವಾಪಸು ಬರುವಾಗ ಬಸ್ಸಿನಲ್ಲಿ ಅಪ್ಪ ನನ್ನ ಮೊಣಕಾಲಿನ ಮೇಲೆ ಕೈಯಿಟ್ಟರು.

"ನಿನ್ನ ಹೆಂಡ್ತಿಗೆ ಹೇಳ್ಬೇಡ ಕಣೋ. ಹೇಳಿದ್ರೆ ಹಾಳೆ ಕೊಡೋದು ನಿಲ್ಲಿಸ್ತಾಳೆ. ಅದು ನಿಂತ್ರೆ ನಾನು ಈ ಮನೇಲಿ ಊಟದ ಹೊತ್ತಿಗೆ ಬಂದು ಕೂರೋ ಆಸಾಮಿ ಅಷ್ಟೇ. ಅವಳ ಲೇಖನ ಅಚ್ಚಾಗ್ಲಿ. ಆಮೇಲೆ ನಾನೇ ಹೇಳ್ತೀನಿ."

"ಆದ್ರೆ ಹೇಗಪ್ಪ ತಿದ್ದೋದು?"

"ಅದಕ್ಕೇನೋ ಯಂತ್ರ ಬಂದಿದೆಯಂತಲ್ಲ. ನಮ್ಮ ಹಳೇ ಕಂಪ್ಯೂಟರಿಗೂ ಹಾಕಿಕೊಡು."

ಹೀಗೆ ಚಿಕ್ಕ ಮೇಷ್ಟ್ರು ಅಪ್ಪನ ಕೋಣೆಗೂ ಬಂದರು. ನನಗೆ ಮಧ್ಯಾಹ್ನದ ಪಾಳಿ. ಬೆಳಿಗ್ಗೆ ಹೆಂಡತಿ ಕಾಲೇಜಿಗೆ ಹೋದ ಮೇಲೆ ಅಪ್ಪನೂ ನಾನೂ ಕೂರುತ್ತಿದ್ದೆವು. ಅವಳು ಹಾಳೆಯ ಜೊತೆಗೆ ಫೈಲನ್ನೂ ಅಪ್ಪನ ಮೇಲ್‌ಗೆ ಕಳಿಸುತ್ತಿದ್ದಳು, ಅಪ್ಪ ಕೇಳಿದ್ದಕ್ಕೆ. ಅಕ್ಷರವನ್ನು ಒಂದೊಂದು ಪದ ಪರದೆ ತುಂಬುವಷ್ಟು ದೊಡ್ಡದು ಮಾಡಿಡುತ್ತಿದ್ದೆ. ಕೋಳಿ ಕಾಳು ನೋಡುವ ಹಾಗೆ ಕುತ್ತಿಗೆ ಓರೆ ಮಾಡಿ, ಕಣ್ಣಿನ ಅಂಚಿನಿಂದ ಬಣ್ಣದ ಗೆರೆ ಹುಡುಕಿ, ಟೂಲು ಹೇಳಿದ ಪದವನ್ನು ಅಪ್ಪ ಅಕ್ಷರ ಅಕ್ಷರವಾಗಿ ಹಿಡಿಯುತ್ತಿದ್ದರು. ಆಮೇಲೆ ಮೇಜಿನ ಮೇಲಿನ ಹಾಳೆಯತ್ತ ತಿರುಗಿ, "ಎಲ್ಲಿ, ಬೆರಳಿಡು," ಅನ್ನುತ್ತಿದ್ದರು. ನಾನು ಆ ಸಾಲಿನ ಮೇಲೆ ಬೆರಳಿಟ್ಟರೆ, ಬೆರಳ ತುದಿಗೆ ಪೆನ್ನು ತಾಗಿಸಿ ಬರೆಯುತ್ತಿದ್ದರು. ಅರ್ಧ ಪುಟಕ್ಕೆ ಒಂದು ಬೆಳಗು ಹೋಗುತ್ತಿತ್ತು. ನಡುವೆ ಕಣ್ಣು ಒರೆಸಿಕೊಳ್ಳುತ್ತಿದ್ದರು. ಬೇಗ ಮುಗಿಯಲಿ ಅಂತ ನಾನು ಗಡಿಯಾರ ನೋಡುತ್ತಿದ್ದೆ. ಗೆರೆ ಬಿದ್ದ ಕಡೆ ಬೆರಳು, ಗೆರೆ ಇಲ್ಲದ ಕಡೆ ಇಲ್ಲ. ಆ ಲೇಖನದ ಒಂದು ಪುಟವನ್ನೂ ನಾನು ಓದಿರಲಿಲ್ಲ. ಬೆಡ್‌ಶೀಟು ಹೊತ್ತವನಿಗೆ ಓದುವ ಉಸಾಬರಿ ಯಾಕೆ ಅಂದುಕೊಂಡಿದ್ದೆ.

ಒಂದು ಸಂಜೆ ಹೆಂಡತಿ ಕೆಂಪು ತಿದ್ದಿದ ಹಾಳೆಯನ್ನೂ ಲ್ಯಾಪ್‌ಟಾಪನ್ನೂ ಅಡುಗೆಮನೆಯ ಕಟ್ಟೆಯ ಮೇಲೆ ಪಕ್ಕಪಕ್ಕ ಇಟ್ಟಳು.

"ಇಲ್ನೋಡಿ. ಮಾವ ತಿದ್ದಿರೋದು, ಇದು ತಿದ್ದಿರೋದು. ಒಂದಕ್ಷರ ಹೆಚ್ಚುಕಮ್ಮಿ ಇಲ್ಲ."

"ಇಬ್ರೂ ಸರಿಯಾಗಿ ತಿದ್ದಿದ್ರೆ ಒಂದೇ ತರ ಇರುತ್ತಪ್ಪ."

"ಹಾಗಾದ್ರೆ ಇದೇನು? ಅಂಚಲ್ಲಿ 'ಧ್ವನಿ: ಆತ್ಮವಿಶ್ವಾಸ' ಅಂತ ಬರ್ದಿದಾರೆ. ಯಾವ ಮನುಷ್ಯ ಹೀಗೆ ಬರೀತಾನೆ ಹೇಳಿ?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಸುಮ್ಮಸುಮ್ಮನೆ ತೊಳೆದ ಪಾತ್ರೆಯನ್ನೇ ಮತ್ತೆ ತೊಳೆಯತೊಡಗಿದೆ. ಆ ಸಾಲನ್ನು ಪರದೆಯಿಂದ ಓದಿ ಹೇಳಿದವನು ನಾನೇ. ಮೇಷ್ಟ್ರು ಅಂದಮೇಲೆ ಎರಡು ಮಾತು ಮೆಚ್ಚುಗೆ ಬರೆಯಬೇಕು ಅಂತ ಅಪ್ಪ ಅದನ್ನು ಸೇರಿಸಿದ್ದರು.

"ನಾನು ಕದ್ದು ಟೂಲ್ ನೋಡ್ತೀನಿ ಅಂತ ದಿನಾ ಒಳಗೊಳಗೇ ಬೇಯ್ತಿದ್ದೆ," ಅಂದಳು. ದನಿ ಏರಿತ್ತು. "ದೊಡ್ಡವರಿಗೆ ಮೋಸ ಮಾಡ್ತಿದೀನಲ್ಲ ಅಂತ ಅವರ ಮುಖ ನೋಡೋಕೂ ಆಗ್ತಿರ್ಲಿಲ್ಲ. ನೋಡಿದ್ರೆ ಅವರೂ ಅದನ್ನೇ ನೋಡಿ ಕಾಪಿ ಹೊಡೆದು, ಕೆಂಪು ಇಂಕಲ್ಲಿ ದೊಡ್ಡಸ್ತಿಕೆ ತೋರಿಸ್ತಿದಾರೆ. ಓದ್ತಾನೇ ಇಲ್ಲ ರೀ ಅವರು!"

ಓದಲು ಆಗುವುದಿಲ್ಲ ಕಣೇ ಅನ್ನಬೇಕಿತ್ತು. ನಾಲಿಗೆ ತುದಿಗೆ ಬಂದಿತ್ತು. ಅಪ್ಪನಿಗೆ ಮಾತು ಕೊಟ್ಟಿದ್ದೆ ಅನ್ನುವುದು ನೆಪ. ಇಬ್ಬರ ಹತ್ತಿರವೂ ಒಳ್ಳೆಯವನಾಗಿ ಉಳಿಯುವ ಚಪಲ ನನ್ನದು, ಅದೇ ನಿಜ. "ಹೋಗ್ಲಿ ಬಿಡು, ವಯಸ್ಸಾಗಿದೆ," ಅಂದೆ. ಅದು ಉರಿಯುವ ಬೆಂಕಿಗೆ ತುಪ್ಪ ಸುರಿದ ಹಾಗಾಯಿತು ಅಂತ ಆಗ ಗೊತ್ತಾಗಲಿಲ್ಲ.

ಭಾನುವಾರ ಅವಳ ಗೈಡ್ ಮೇಡಂ ಊಟಕ್ಕೆ ಬಂದರು. ಅವರೂ ಒಂದು ಕಾಲದಲ್ಲಿ ಅಪ್ಪನ ಶಿಷ್ಯೆ. ಈಗ ವಿಭಾಗದ ಮುಖ್ಯಸ್ಥರು, ಕಾಲೇಜನ್ನೇ ನಡುಗಿಸುವ ಹೆಂಗಸು. ಅಪ್ಪನ ಮುಂದೆ ಮಾತ್ರ ಇನ್ನೂ ಕುರ್ಚಿಯ ತುದಿಯಲ್ಲೇ ಕೂರುತ್ತಾರೆ. ಅಪ್ಪ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಹಲ್ಲಿನ ಸೆಟ್ಟು ತೊಳೆದು ಕೂರಿಸಿಕೊಂಡು, ಆಕೆ ಬಾಗಿಲಲ್ಲಿ ಕಾಲಿಡುತ್ತಲೇ ನಡಿಗೆಯಿಂದ ಗುರುತಿಸಿ, "ಬಾಮ್ಮ, ತಡವಾಗಿ ಬರೋ ಅಭ್ಯಾಸ ಹೋಗಲಿಲ್ಲ ನಿಂದು," ಅಂದರು.

ಊಟದ ನಡುವೆ ಮೇಡಂ ಅಪ್ಪನ ಕಡೆ ತಿರುಗಿದರು. "ಸರ್, ಲೇಖನ ನಿನ್ನೆನೇ ಕಳಿಸಿಬಿಟ್ಟೆ. ಎರಡು ಸಲ ಓದಿದೆ. ಒಂದು ಅಕ್ಷರ ಮುಟ್ಟೋ ಹಾಗಿರ್ಲಿಲ್ಲ. ಟೂಲ್ ಏನಾದ್ರೂ ಬಳಸಿದ್ರಾ ಅಂತ ಜರ್ನಲ್‌ನವರು ಕೇಳ್ತಾರೆ ಈಗ. ಇಲ್ಲ, ನಮ್ಮ ಮೇಷ್ಟ್ರು ಕೈಯಾರೆ ತಿದ್ದಿದ್ದು ಅಂತ ನಿಮ್ಮ ಹೆಸರು ಹಾಕಿದೀನಿ. ಕೆಂಪು ಇಂಕಿನ ಮುಂದೆ ಯಾವ ಟೂಲ್ ನಿಲ್ಲುತ್ತೆ?"

ಅಪ್ಪ ತಟ್ಟೆಯ ಮೇಲೆ ಬೆರಳಾಡಿಸುತ್ತ, "ಹೆಸರೆಲ್ಲ ಯಾಕಮ್ಮ," ಅಂದರು. ಆದರೆ ಮುಖದಲ್ಲಿ ಬೆಳಕಾಡಿತು. ಅದನ್ನು ನಾನು ನೋಡಿದೆ. ನನ್ನ ಹೆಂಡತಿಯೂ ನೋಡಿದಳು. ಅವಳು ಎದ್ದು ಕೈ ತೊಳೆದು ಕೋಣೆಗೆ ಹೋಗಿ ಒಂದು ಹಾಳೆ ತಂದಳು. ಅವಳ ಮೂಗಿನ ತುದಿ ಕೆಂಪಾಗಿತ್ತು. ಏನೋ ಎಡವಟ್ಟಾಗುತ್ತದೆ ಅಂತ ಗೊತ್ತಿದ್ದೂ ನಾನು ಅನ್ನಕ್ಕೆ ಸಾರು ಹಾಕಿಕೊಂಡೆ.

"ಮಾವ, ಇದು ಮೊನ್ನೆ ನೀವು ತಿದ್ದಿಕೊಟ್ಟ ಪುಟ. ಇನ್ನೊಂದು ಸಲ ಓದಿ ಹೇಳ್ತೀರಾ, ಎಲ್ಲ ಸರಿಯಾಗಿದೆಯಾ ಅಂತ?"

ಅಪ್ಪ ಎಡಗೈಯಲ್ಲಿ ಹಾಳೆ ಹಿಡಿದರು. ಓದುವವರ ಹಾಗೇ ಹಿಡಿದರು. ಅಷ್ಟು ವರ್ಷದ ಅಭ್ಯಾಸ, ಎಷ್ಟು ದೂರ ಹಿಡಿಯಬೇಕು, ಎಷ್ಟು ಹೊತ್ತಿಗೆ ತಲೆದೂಗಬೇಕು ಎಲ್ಲ ಗೊತ್ತು. "ಚೆನ್ನಾಗಿದೆಯಮ್ಮ. ತಪ್ಪೇನೂ ಇಲ್ಲ," ಅಂದರು.

"ಮೇಡಂ, ಕೇಳಿ ಹಾಗಾದ್ರೆ." ಅವಳು ಹಾಳೆ ತೆಗೆದುಕೊಂಡು ನಡುವಿನ ಒಂದು ವಾಕ್ಯವನ್ನು ಕನ್ನಡದಲ್ಲೇ ಬಿಡಿಸಿ ಓದಿದಳು. "'ಈ ಪ್ರಯೋಗಕ್ಕೆ ಬಳಸಿದ ಬೆಡ್‌ಶೀಟುಗಳನ್ನೆಲ್ಲ ನಮ್ಮ ಮಾವನವರು ಒಂದೊಂದಾಗಿ ಹಲ್ಲಿನಿಂದ ಕಚ್ಚಿ ಹರಿದರು.' ನಾನೇ ಬೇಕಂತ ಸೇರಿಸಿದ್ದು. ಮಾವ ಓದ್ತಾರೋ ಇಲ್ವೋ ನೋಡೋಣ ಅಂತ. ವ್ಯಾಕರಣ ಸರಿಯಾಗಿದೆ, ಟೂಲ್ ಗೆರೆ ಹಾಕ್ಲಿಲ್ಲ. ಗೆರೆ ಇಲ್ಲದ ಮೇಲೆ ಮಾವನೂ ಮುಟ್ಟಲಿಲ್ಲ. ಇವರು ಟೂಲ್ ನೋಡಿ ಕಾಪಿ ಮಾಡ್ತಿದಾರೆ ಮೇಡಂ. ಕೈಯಾರೆ ಅಲ್ಲ."

ಮೇಡಂ ಮೊದಲು ನಕ್ಕರು. ತಡೆಯಲಾರದೆ ಬಂದ ನಗು, ಬಾಯಿಗೆ ಕೈ ಅಡ್ಡ ಹಿಡಿದುಕೊಂಡೇ ನಕ್ಕರು. ಅಪ್ಪನೂ ನಗಲು ನೋಡಿದರು.

"ನನ್ನ ಹಲ್ಲಿನ ಹಣೆಬರಹ ನಿನಗೆ ಗೊತ್ತಲ್ಲಮ್ಮ. ಬಾಳೆಹಣ್ಣು ತಿನ್ನೋಕೂ ಸೆಟ್ಟು ಬೇಕು."

ಅಂದವರ ಕೈ ನೀರಿನ ಲೋಟ ಹುಡುಕಿ, ಲೋಟಕ್ಕೆ ತಾಗಿ, ನೀರು ಮೇಜಿನ ಮೇಲೆಲ್ಲ ಹರಿಯಿತು. ಅವರು ಅದನ್ನು ಒರೆಸಲು ನೋಡಲಿಲ್ಲ. ಅಷ್ಟರಲ್ಲಿ ಮೇಡಂ ನಗು ನಿಂತಿತ್ತು.

"ಈ ಸಾಲು ಯಾವ ಫೈಲಲ್ಲಿದೆ?"

"ಮಾವನಿಗೆ ಕೊಟ್ಟಿದ್ರಲ್ಲಿ... ತೆಗೆದೆ ಮೇಡಂ, ನಿಮಗೆ ಕಳಿಸೋ ಮುಂಚೆ..." ಅನ್ನುತ್ತ ಹೆಂಡತಿ ಫೋನು ತೆರೆದಳು. ಬೆರಳಿನಿಂದ ಮೇಲಕ್ಕೆ ಮೇಲಕ್ಕೆ ಸರಿಸಿದಳು. ಮೇಡಂಗೆ ಕಳಿಸಿದ ಫೈಲಿನಲ್ಲೂ ಆ ಸಾಲು ಹಾಗೇ ಇತ್ತು, ಮುಖದ ಬಣ್ಣ ಇಳಿಯಿತು. ಆತುರದಲ್ಲಿ ಕೊನೆಯ ಸಲ ಟೂಲಿಗೆ ಹಾಕಿ, ಹಸಿರು ಗುರುತು ಬಂದದ್ದು ನೋಡಿ ಹಾಗೇ ಕಳಿಸಿದ್ದಳು. "ಆದ್ರೆ ಮೇಡಂ, ನೀವು ಎರಡು ಸಲ ಓದಿದ್ರಲ್ಲ..."

ಕಾಲೇಜು ನಡುಗಿಸುವವರು ತಮ್ಮ ತಟ್ಟೆಯ ಅಂಚನ್ನು ಉಗುರಿನಿಂದ ಕೆರೆಯುತ್ತ ಕೂತರು. ಅವರೂ ಅದನ್ನು ಓದಿರಲಿಲ್ಲ. ಅವರ ಬ್ರೌಸರಿನ ಮೂಲೆಯಲ್ಲೂ ಒಬ್ಬರು ಚಿಕ್ಕ ಮೇಷ್ಟ್ರು ಇದ್ದಾರೆ ಅನ್ನುವುದು ಯಾರೂ ಹೇಳದೆಯೇ ಎಲ್ಲರಿಗೂ ತಿಳಿಯಿತು.

ಮೊದಲು ಮಾತಾಡಿದ್ದು ಅಪ್ಪ. ಸಿಟ್ಟಿರಲಿಲ್ಲ, ಪಾಠ ಮಾಡುವ ದನಿಯೂ ಇರಲಿಲ್ಲ.

"ನನಗೆ ಅಕ್ಷರ ಕಾಣ್ಸಲ್ಲಮ್ಮ. ವರ್ಷದ ಮೇಲಾಯ್ತು. ಕಣ್ಣು ಸವೆದಿದೆಯಂತೆ. ಅದಕ್ಕೇ ಆ ಯಂತ್ರ ಹೇಳಿದ್ದನ್ನ ನಂಬಿದೆ." ಅವರ ಮುಖ ನಮ್ಮೆಲ್ಲರ ನಡುವಿನ ಖಾಲಿ ಜಾಗದ ಕಡೆಗಿತ್ತು. "ನಿಮಗೆಲ್ಲ ಕಾಣ್ಸುತ್ತಲ್ಲ. ನೀವ್ಯಾಕೆ ನಂಬಿದ್ರಿ?"

ನೆಲ ಬಾಯಿ ಬಿಟ್ಟು ನುಂಗಬಾರದೇ ಅನ್ನುತ್ತಾರಲ್ಲ, ಆ ಮಾತಿನ ಅರ್ಥ ನನಗೆ ಅವತ್ತು ಆಯಿತು. ಹೆಂಡತಿ ನಿಧಾನವಾಗಿ ನನ್ನ ಕಡೆ ತಿರುಗಿದಳು.

"ನಿಮಗೆ ಗೊತ್ತಿತ್ತಾ?"

"ಗೊತ್ತಿತ್ತು," ಅಂದೆ. ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಅಪ್ಪ ನನ್ನ ಹೆಸರು ಎತ್ತುವವರಲ್ಲ. ಆದರೆ ಅವರು ಹಾಗೆ ಖಾಲಿ ಜಾಗ ನೋಡುತ್ತ ಕೂತಿರುವಾಗ ಬಾಯಿ ಮುಚ್ಚಿಕೊಂಡಿರಲು ನನ್ನಂಥವನಿಗೂ ಆಗಲಿಲ್ಲ. "ಹಾಳೆ ಮೇಲೆ ಬೆರಳಿಟ್ಟು ತೋರಿಸ್ತಿದ್ದೋನು ನಾನೇ."

"ಈ ಹಾಳೆ ಮೇಲೂ?"

"ಈ ಹಾಳೆ ಮೇಲೂ."

ಅವಳು ಕಿರುಚಿದ್ದರೆ ಚೆನ್ನಾಗಿತ್ತು. ಕಿರುಚಲಿಲ್ಲ. ಸೆರಗಿನಿಂದ ಮೇಜಿನ ಮೇಲಿನ ನೀರು ಒರೆಸಿದಳು, ಅಪ್ಪನ ತೋಳು ಒದ್ದೆಯಾಗಿದ್ದನ್ನು ನೋಡಿ ಅದನ್ನೂ ಒರೆಸಿದಳು.

ಮೇಡಂ ಹಣ್ಣು ಮುಟ್ಟದೆ ಎದ್ದರು. ಈಗಲೇ ಸಂಪಾದಕರಿಗೆ ಬರೆದು ಲೇಖನ ವಾಪಸು ಕೇಳುತ್ತೇನೆ ಅಂದರು. ಬಾಗಿಲ ಹತ್ತಿರ ಚಪ್ಪಲಿ ಹಾಕಿಕೊಳ್ಳುತ್ತ, ಹಳೆಯ ವಿದ್ಯಾರ್ಥಿನಿಯ ದನಿಯಲ್ಲಿ, "ಸರ್, ಏನಂತ ಬರೀಲಿ?" ಅಂದರು.

"ಯಾರೂ ಓದಿರ್ಲಿಲ್ಲ ಅಂತ ಬರಿ. ನನ್ನ ಹೆಸರು ತೆಗೆದುಬಿಡು."

ಅವರು ಹೋದ ಮೇಲೆ ಅಪ್ಪ ಕೋಣೆಗೆ ಹೋಗಿ ಮಂಚದ ಮೇಲೆ ಗೋಡೆಗೆ ಒರಗಿ ಕೂತರು. ಹೆಂಡತಿ ಪಾತ್ರೆಗಳನ್ನು ಹಾಗೇ ಬಿಟ್ಟು ನನ್ನನ್ನು ದಾಟಿ ಹೋದಳು. ಸೀರೆಗಳ ಅಡಿಯಿಂದ ಅಷ್ಟೂ ಹಾಳೆಗಳನ್ನು ತೆಗೆದು, ಊಟದ ಮೇಜಿನ ಮೇಲಿದ್ದ ಹಾಳೆಯನ್ನೂ ಸೇರಿಸಿಕೊಂಡಳು. ಅಪ್ಪ ಕಣ್ಣು ಕಾಣದೆ ಅಡ್ಡಾದಿಡ್ಡಿ ಗೀಚಿದ ಮೊದಲ ಹಾಳೆಗಳೂ ಅದರಲ್ಲಿದ್ದವು. ಅವನ್ನು ಎದೆಗೊತ್ತಿಕೊಂಡು ಅಪ್ಪನ ಕೋಣೆಗೆ ಹೋದಳು. ನಾನು ಬಾಗಿಲವರೆಗೆ ಹಿಂದೆಯೇ ಹೋದೆ.

"ಮಾವ, ನಾನು ಹಾಕ್ಕೊಂಡೆ ಅಂತ ಸುಳ್ಳು ಹೇಳ್ತಿದ್ದೆ."

"ಗೊತ್ತಮ್ಮ. ಪ್ರತಿ ಸಲ ಅಷ್ಟು ಬೇಗ ಹಾಕ್ಕೊಂಡೆ ಅಂತಿದ್ದೆ. ಅಷ್ಟು ಬೇಗ ಯಾರಿಗೂ ಆಗಲ್ಲ." ಅವರು ಮಂಚದ ಮೇಲೆ ಪಕ್ಕದ ಜಾಗ ತಟ್ಟಿದರು. "ಕೂತ್ಕೋ. ಮೊದಲಿಂದ ಜೋರಾಗಿ ಓದು. ಕಿವಿ ಇನ್ನೂ ಸವೆದಿಲ್ಲ."

ಅವಳು ಓದತೊಡಗಿದಳು. ಅಪ್ಪ ಕಣ್ಣು ಮುಚ್ಚಿ ಕೇಳಿದರು. ಒಂದು ಕಡೆ ತಡೆದು, "ಇದನ್ನ ಆಗಲೇ ಹೇಳಿದೀಯ," ಅಂದರು. ಇನ್ನೊಂದು ಕಡೆ, "ಬಟ್ಟೆ ಅಡ್ಡ ಹರೀತೋ ಉದ್ದಕ್ಕೋ, ಅದೇ ಹೇಳಿಲ್ವಲ್ಲಮ್ಮ," ಅಂದರು. ಅವಳು ಬೆಚ್ಚಿಬಿದ್ದವಳಂತೆ ಹಾಳೆ ತಿರುವಿ ನೋಡಿದಳು. ನಿಜವಾಗಿಯೂ ಹೇಳಿರಲಿಲ್ಲ. ಒಂದೆರಡು ಕಡೆ ಅಪ್ಪ ಹೇಳಿದ್ದು ಅಜ್ಜನ ಕಾಲದ ಮಾತಾಗಿತ್ತು. "ಈಗ ಹಾಗೆ ಬರೆಯಲ್ಲ ಮಾವ," ಅಂದಳು. "ಹಾಗಾದ್ರೆ ಬಿಡು," ಅಂದರು. ಮನೆಯಲ್ಲಿ ಆ ಲೇಖನವನ್ನು ಓದುವ ದನಿ ಕೇಳಿಸಿದ್ದು ಅದೇ ಮೊದಲು.

ಆ ಪುಟ ಬಂತು. ಅವಳು ನಿಲ್ಲಿಸಿದಳು.

"ಯಾಕಮ್ಮ?"

"ಇದೊಂದು ಸಾಲು ಬಿಟ್ಟು ಮುಂದೆ ಹೋಗ್ಲಾ ಮಾವ?"

"ಬಿಟ್ಟು ಬಿಟ್ಟು ಓದಿದ್ದಕ್ಕೇ ಅಲ್ವ ಇಷ್ಟೆಲ್ಲ ಆಗಿದ್ದು. ಓದು."

ಅವಳು ಓದಿದಳು. ಅರ್ಧದಲ್ಲಿ ತಡವರಿಸಿ, ಮತ್ತೆ ಮೊದಲಿಂದ ಓದಿ ಪೂರ್ತಿ ಮುಗಿಸಿದಳು. ಅಪ್ಪ ಜೇಬಿನಿಂದ ಪೆನ್ನು ತೆಗೆದು ಮುಚ್ಚಳ ಬಿಚ್ಚಿದರು.

"ಎಲ್ಲಿ, ಬೆರಳಿಡು," ಅಂದರು.

ಅದು ನನಗೆ ಹೇಳುವ ಮಾತು. ನನ್ನ ಕಾಲು ತಾನಾಗಿ ಹೊಸ್ತಿಲು ದಾಟಲು ಎದ್ದಿತು. ಅಷ್ಟರಲ್ಲಿ ಅವಳು ಆ ಸಾಲಿನ ಮೇಲೆ ತನ್ನ ಬೆರಳಿಟ್ಟು, ಇನ್ನೊಂದು ಕೈಯಿಂದ ಅಪ್ಪನ ಕೈ ಹಿಡಿದು ಅಲ್ಲಿಗೆ ತಂದಳು. ಅಪ್ಪ ಗೆರೆ ಎಳೆದರು. ಪೆನ್ನು ಸಾಲಿನ ಮೇಲೆ ಹೋಗಿ, ಅವಳ ಉಗುರಿನ ಮೇಲೂ ಹೋಯಿತು. ಅವಳು ಬೆರಳು ತೆಗೆಯಲಿಲ್ಲ.

"ಗೆರೆ ಬಿತ್ತಾ?" ಅಂತ ಅಪ್ಪ ಕೇಳಿದರು.

"ಬಿತ್ತು ಮಾವ," ಅಂದು ಅವಳು ಮುಂದಿನ ಸಾಲು ಓದತೊಡಗಿದಳು. ನಾನು ಬಾಗಿಲಲ್ಲೇ ನಿಂತಿದ್ದೆ. ಒಳಗೆ ಬಾ ಅಂತ ಇಬ್ಬರೂ ಕರೆಯಲಿಲ್ಲ.